ಬಾಡದೆ ನಿಂತ ಸೊಟ್ಟ ತೊಗರಿಗಿಡ

ಮಕ್ಕಳೇ, ಗೆದ್ದಲಿಗೂ ಆನೆಗೂ ಒಂದೇ ಅಕ್ಕರೆಯಿಂದ ಅನ್ನವಿಡುವ ಆ ಭಗವಂತನನ್ನು ನೆನೆದು ಈ ಕತೆ ಹೇಳುತ್ತೇನೆ, ಕೇಳಿ.

ಒಂದು ಕಾಡಿನ ಅಂಚಿನಲ್ಲಿ, ಕೊಳದ ಪಕ್ಕದ ಕಪ್ಪು ನೆಲದಲ್ಲಿ, ಮೊಲ ಚಿಮ್ಮಣ್ಣನೂ ಮುಳ್ಳುಹಂದಿ ಸೂಜಕ್ಕನೂ ಅಕ್ಕಪಕ್ಕದಲ್ಲೇ ತೊಗರಿ ಬೆಳೆದಿದ್ದರು. ಚಿಮ್ಮಣ್ಣನ ಬಿಲದ ತುಂಬ ಮರಿಗಳು. ಅವುಗಳ ವರ್ಷದ ಊಟ ಆ ತೊಗರಿಯಿಂದಲೇ ಆಗಬೇಕಿತ್ತು.

ಹಳದಿ ಹೂ ಬಿಡುವ ಹೊತ್ತಿಗೆ, ನೆಲದಲ್ಲಿ ತೇವವಿದ್ದರೂ ಗಿಡಗಳು ಒಂದೊಂದಾಗಿ ಸೊರಗತೊಡಗಿದವು. ಚಿಮ್ಮಣ್ಣ ಕೊಳಕ್ಕೂ ಹೊಲಕ್ಕೂ ಓಡಿ ಓಡಿ ನೀರು ಹೊತ್ತ.

"ನೀರು ಸುರಿದು ಏನು ಮಾಡ್ತೀಯೋ?" ಎರೆಹುಳು ಮಣ್ಣಿನಿಂದ ತಲೆ ಎತ್ತಿತು. "ಇದು ಬಾಯಾರಿಕೆಯಲ್ಲ, ಸೊರಗು ರೋಗ. ಮಣ್ಣಲ್ಲಿರೋ ಬೂಷ್ಟು ಬೇರಿನೊಳಗೆ ನುಗ್ಗಿ, ನೀರು ಏರೋ ದಾರಿಯನ್ನೇ ಕಟ್ಟಿಬಿಟ್ಟಿದೆ."

ಕೊನೆಗೆ ಎರಡು ಹೊಲದಲ್ಲೂ ಒಂದೊಂದು ಗಿಡ ಮಾತ್ರ ಹಸಿರಾಗಿ ಉಳಿಯಿತು. ಎರಡೂ ಗಿಡ್ಡ, ಎರಡೂ ಸೊಟ್ಟ.

ಎಳ್ಳಮಾವಾಸ್ಯೆ ಬಂತು. ಸೂಜಕ್ಕ ಚರಗ ಚೆಲ್ಲಿದಳು; ಎಂದರೆ, ಹಬ್ಬದಡುಗೆಯ ಮೊದಲ ತುತ್ತುಗಳನ್ನು ಭೂತಾಯಿಗೆಂದು ಹೊಲಕ್ಕೆ ಎರಚಿ ಕೈಮುಗಿದಳು. ಚಿಮ್ಮಣ್ಣನ ಕಣ್ಣು ಮಾತ್ರ ತೊಗರಿಕಾಯಿಯ ಮೇಲೆ.

"ಅಕ್ಕಾ, ಉಪ್ಪು ಹಾಕಿ ಬೇಯಿಸಿದ್ರೆ ಎಂಥಾ ರುಚಿ! ನಿನ್ನ ಗಿಡದ ಕಾಯಿನೂ ಕಿತ್ತು ಗಡಿಗೆಗೆ ಹಾಕು."

"ಬೇಡಪ್ಪ. ಇಷ್ಟೆಲ್ಲ ಸತ್ತರೂ ಇದು ನಿಂತಿದೆ ಅಂದ್ರೆ, ದೇವರು ಇದರೊಳಗೆ ಏನೋ ಕಸುವು ಇಟ್ಟಿದ್ದಾನೆ. ಬೀಜಕ್ಕೆ ಬಿಡ್ತೀನಿ. ನೀನೂ ಬಿಡು."

"ಈ ಸೊಟ್ಟನನ್ನಾ? ಬೀಜ ಅಂದ್ರೆ ದುಂಡಗಿರಬೇಕು, ಮಿರಮಿರ ಮಿಂಚಬೇಕು! ಆಚೆ ಗುಡ್ಡದಿಂದ ತರ್ತೀನಿ ಬಿಡು. ಇದನ್ನ ದೇವರ ಹೆಸರು ಹೇಳಿ ನಾನೇ ತಿಂದರಾಯ್ತು."

"ದೇವರಿಗೆ ಬರೀ ಹೆಸರು, ಕಾಯೆಲ್ಲ ನಿನಗಾ?" ಎಂದು ಸೂಜಕ್ಕ ನಕ್ಕಳು. ಚಿಮ್ಮಣ್ಣ ಆಗಲೇ ಸಿಪ್ಪೆ ಉಗುಳುತ್ತಿದ್ದ.

ಗೆಡ್ಡೆಗೆಣಸು ತಿಂದು ಹೇಗೋ ಆ ವರ್ಷ ಕಳೆಯಿತು. ಮರುವರ್ಷ ಆಚೆ ಗುಡ್ಡದ ಬೀಜ ಸೊಗಸಾಗಿಯೇ ಮೊಳೆಯಿತು. ಹೂವಿನ ಕಾಲಕ್ಕೆ ಮಾತ್ರ ಹೊಲಕ್ಕೆ ಹೊಲವೇ ಒಣಗಿ ನಿಂತಿತು. ಬೂಷ್ಟು ಮಣ್ಣಲ್ಲೇ ಇತ್ತಲ್ಲ! ಸೂಜಕ್ಕನ ಸೊಟ್ಟ ಗಿಡದ ಮಕ್ಕಳೋ, ಗಾಳಿಗೆ ಕಾಯಿ ಗಿಲಿಗಿಲಿ ಆಡಿಸುತ್ತಿದ್ದವು. ಚಿಮ್ಮಣ್ಣನ ಕಿವಿಗಳು ಅವನ ಗಿಡಗಳಿಗಿಂತ ಹೆಚ್ಚು ಜೋತುಬಿದ್ದವು.

"ಅಕ್ಕಾ, ಮರಿಗಳಿಗೆ..." ಎನ್ನುತ್ತ ಅವನು ಕಣ್ಣೊರೆಸಿಕೊಂಡ.

"ಅಳಬೇಡ್ವೋ. ಈ ಬುಟ್ಟಿ ಊಟಕ್ಕೆ. ಈ ಬೊಗಸೆ ಬಿತ್ತೋಕೆ. ಆದರೆ ನಿನ್ನ ನಾಲಿಗೆಯ ಮೇಲೆ ನನಗೆ ನಂಬಿಕೆಯಿಲ್ಲಪ್ಪ!"

ಮುಂದಿನ ಮಳೆಗೆ ಚಿಮ್ಮಣ್ಣ ಹೇಗೆ ಬಿತ್ತಿದ ಗೊತ್ತೇ? ಬಾಯಿಗೆ ಬಾಳೆನಾರು ಬಿಗಿದುಕೊಂಡು! ಮರಿಗಳು ಸಾಲಿನುದ್ದಕ್ಕೂ ಉರುಳಾಡಿ ನಕ್ಕವು.

ದೇವರ ದಯೆ, ಆ ಸಲ ಅವನ ಹೊಲವೂ ಕಾಯಿ ಕಟ್ಟಿತು. ಎಳ್ಳಮಾವಾಸ್ಯೆಯ ದಿನ ಅವನೇ ಮೊದಲು ಚರಗ ಚೆಲ್ಲಿ, ಕೈಮುಗಿದು, ಬೇಲಿಯಾಚೆಗೆ ಕೂಗಿದ:

"ಅಕ್ಕಾ, ಬೀಜಕ್ಕೆ ಯಾವ ಗಿಡ ಬಿಡಲಿ, ಬಂದು ತೋರಿಸು. ಆಮೇಲೆ ಉಪ್ಪು ತಾ!"

ನೀತಿ: ರೋಗದ ನಡುವೆಯೂ ಬಾಡದೆ ನಿಂತದ್ದು ದೇವರು ಕೊಟ್ಟ ಬೀಜ; ಅದರ ರೂಪ ಹಳಿಯದೆ, ನಾಲಿಗೆಗೆ ಸೋಲದೆ, ನಾಳೆಗಾಗಿ ಉಳಿಸಿಕೊಳ್ಳಬೇಕು.