ರೊಟ್ಟಿ ಮುರಿಯದ ಅತಿಥಿ

"ಗುರುಗಳೇ, ದಣಿದವನು ರೊಟ್ಟಿ ಬಿಟ್ಟು ಬರೀ ಹಣ್ಣು ತಿಂದು ಮಲಗಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ. "ನಮ್ಮ ಯೆಹೂದಿ ಕಟ್ಟಳೆಯಲ್ಲಿ ಮರದ ಹಣ್ಣಿಗೊಂದು ಸ್ತುತಿ, ನೆಲದ ಬೆಳೆಗೊಂದು, ನೀರಿಗೂ ಒಂದು. ಅವೆಲ್ಲ ಚಿಕ್ಕವು. ರೊಟ್ಟಿಗಾದರೆ ಮೊದಲು ಕೈ ತೊಳೆದು ಸ್ತುತಿ, ಉಂಡ ಮೇಲೆ ಮುಗಿಯದಷ್ಟು ಉದ್ದದ ಪ್ರಾರ್ಥನೆ. ಕೆಲವು ದಿನ ನನಗೆ ಅಷ್ಟು ತ್ರಾಣ ಇರುವುದಿಲ್ಲ."

ಗುರುಗಳಿಗೂ ಆ ದಿನ ಆಯಾಸವಾಗಿತ್ತು. ಗೋಡೆಗೆ ಒರಗಿ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಸೂಜಿ, ದಾರ, ಗುಂಡಿ ಹೊತ್ತು ಊರೂರು ಅಲೆಯುತ್ತಿದ್ದ. ಯಾವ ತಿನಿಸಿಗೆ ಎಷ್ಟು ಮಾತು ಸಾಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಲೆಯುವವನಿಗೆ ಇಂಥದ್ದು ಬೇಗ ಬರುತ್ತದೆ. ಒಂದು ಮಧ್ಯಾಹ್ನ, ಇನ್ನು ಕಾಲು ಏಳುವುದಿಲ್ಲ ಅನ್ನುವಾಗ, ನಮ್ಮವರದೇ ಒಂದು ಮನೆ ಸಿಕ್ಕಿತು.

ಆ ಮನೆಯ ಯಜಮಾನ ಜ್ವರ ಹಿಡಿದು ಮಲಗಿ ಬಹಳ ಕಾಲವಾಗಿತ್ತು. ಯಾವ ಔಷಧಿಯೂ ನಾಟಿರಲಿಲ್ಲ. ಜ್ವರಕ್ಕೆ ಹೆದರಿ ಯಾರೂ ಅತ್ತ ಸುಳಿಯುತ್ತಿರಲಿಲ್ಲ. ರೊಟ್ಟಿ ಉಂಡ ಅತಿಥಿ ಆ ಉದ್ದದ ಪ್ರಾರ್ಥನೆಯ ನಡುವೆ ಮನೆಯ ಯಜಮಾನನನ್ನು ಹರಸಬೇಕು; ಅದು ಪದ್ಧತಿ. ಹಣ್ಣಿನ ಸ್ತುತಿಯಲ್ಲಿ ಆ ಮಾತು ಬರುವುದಿಲ್ಲ. ಹೆಂಡತಿಗೆ ಉಳಿದಿದ್ದ ಆಸೆ ಅದೊಂದೇ. ಹೊರೆ ಹೊತ್ತವನು ಬಾಗಿಲಿಗೆ ಬಂದದ್ದೇ, ಡಬ್ಬಿಯ ತಳ ಬಳಿದು ಹಿಟ್ಟು ಕಲಸಿದಳು.

ರೊಟ್ಟಿ ಬಂತು. ಜೊತೆಗೆ ಬಾಳೆಹಣ್ಣೂ ಇತ್ತು. ವ್ಯಾಪಾರಿ ಬಾಳೆಹಣ್ಣು ತೆಗೆದುಕೊಂಡ.

"ಬಿಸಿ ಇದೆ ಅಣ್ಣಾ. ಒಂದು ತುಂಡಾದರೂ ಮುರಿಯಿರಿ," ಎಂದಳು.

"ಬೇಡ ತಾಯಿ. ರೊಟ್ಟಿ ಮುರಿದರೆ, ಆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ನನ್ನನ್ನು ನಿಮ್ಮ ಬಾಗಿಲಲ್ಲೇ ಹೂಳಬೇಕಾದೀತು," ಎಂದು ನಕ್ಕ. "ಬಾಳೆಹಣ್ಣು ಒಳ್ಳೆಯದು. ಎರಡು ಮಾತಿಗೇ ಬಿಟ್ಟುಬಿಡುತ್ತದೆ."

ಅವಳೂ ನಕ್ಕಳು. ಹರಸಿ ಎಂದು ಬಾಯಿಬಿಟ್ಟು ಕೇಳಿದರೆ ಉಣ್ಣಿಸಿದ್ದಕ್ಕೆ ಬೆಲೆ ಕೇಳಿದ ಹಾಗಾಗುತ್ತದೆ ಎಂದು ಸುಮ್ಮನಾದಳು.

ಬಾಳೆಹಣ್ಣಿಗೆ ಹೇಳಬೇಕಾದದ್ದನ್ನು ವ್ಯಾಪಾರಿ ತಿನ್ನುವ ಮೊದಲೂ ಹೇಳಿದ, ತಿಂದ ಮೇಲೂ ಹೇಳಿದ. ಜಗಲಿಯ ಮೇಲೆ ಉರುಳಿ ಕಣ್ಣು ಮುಚ್ಚಿದ. ಒಳಗಿನಿಂದ ಯಜಮಾನನ ಸೋತ ದನಿ ಕೇಳಿಸಿತು.

"ಬಂದವರು ರೊಟ್ಟಿ ತಿಂದರೇನೇ?"

"ತಿಂದರು," ಎಂದಳು ಹೆಂಡತಿ.

"ನನ್ನನ್ನು ಹರಸಿದರಾ?"

"ಹರಸಿದರು. ನೀವು ಮಲಗಿ."

"ಹಾಗಾದರೆ ಇನ್ನು ಜ್ವರ ಇಳಿಯುತ್ತೆ ಬಿಡು."

ವ್ಯಾಪಾರಿ ಕಣ್ಣು ಬಿಟ್ಟ. ಈಗ ಎದ್ದು ರೊಟ್ಟಿ ಕೇಳಿದರೆ ಅವಳ ಸುಳ್ಳು ಗಂಡನಿಗೆ ತಿಳಿದುಹೋಗುತ್ತದೆ. ಅವನು ಏಳಲಿಲ್ಲ. ನಿದ್ದೆಯೂ ಬರಲಿಲ್ಲ. ಬಿಸಿಲು ತಗ್ಗಿದ ಮೇಲೆ ಹೊರೆ ಎತ್ತಿಕೊಂಡು ನಡೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆದರೂ ಅವನು ಕಟ್ಟಳೆ ಮೀರಲಿಲ್ಲವಲ್ಲ," ಎಂದ ಶಿಷ್ಯ. "ತಿಂದದ್ದಕ್ಕೆ ಹೇಳಬೇಕಾದದ್ದನ್ನೆಲ್ಲ ಹೇಳಿದ. ದಣಿದಿದ್ದ, ಪಾಪ."

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು: "ದಣಿವು ಅವನದೇ, ಮಗು. ಆದರೆ ಆ ಪ್ರಾರ್ಥನೆ ಅವಳದಾಗಿತ್ತು."