ಕೆರೆಯ ನಡುವಿನ ಒಲೆ

ಹಳೆಯ ಕೆರೆಯೊಂದನ್ನು ಅಗೆದಾಗ ಏರಿಯ ಮೇಲೆ ಶಾಸನದ ಕಲ್ಲು ಸಿಕ್ಕಿತು, ಹೂಳಿನ ಅಡಿಯಲ್ಲಿ ಮಡಕೆಯ ಚೂರೊಂದು ಸಿಕ್ಕಿತು. ಅಗೆತದವರು ಎರಡಕ್ಕೂ ಸಿಕ್ಕ ಜಾಗದ ಚೀಟಿ ಕಟ್ಟಿ ಒಂದೇ ಡೇರೆಯಲ್ಲಿಟ್ಟರು. ಕಲ್ಲಿಗೆ ಮೈಯೆಲ್ಲ ಉರಿಯಿತು.

“ಎಲೈ ಚೂರೇ, ‘ಸೂರ್ಯಚಂದ್ರರಿರುವ ತನಕ ಈ ಕೆರೆ ಬತ್ತದು’ ಎಂದು ಅರಸರು ನನ್ನ ಮೈಮೇಲೆ ಬರೆಸಿದ್ದಾರೆ. ನಿನ್ನ ಮೈಮೇಲೆ ಏನಿದೆ?”

“ಮಸಿ, ಸ್ವಾಮಿ.”

“ದೊಡ್ಡವರ ಪಕ್ಕ ಕೂರುವ ಮುಖವೇ ಇದು? ತೊಳೆಯುವವರು ಬಂದಾಗ ಚೆನ್ನಾಗಿ ಉಜ್ಜಿಸಿಕೊ.”

ಚೂರಿಗೆ ನಾಚಿಕೆಯಾಯಿತು. ಮಸಿ ಹೋದರೇ ವಾಸಿ ಎನ್ನಿಸಿತು. ಅಷ್ಟರಲ್ಲಿ ಬಕೆಟ್ಟು, ಬ್ರಷ್ಷು ಹಿಡಿದು ಒಬ್ಬಾಕೆ ಬಂದಳು. ಅಗೆತದ ಮುಖ್ಯಸ್ಥೆ ಮಂದಾಕಿನಿ ಚೀಟಿ ಓದಿ ಅವಳ ಕೈ ತಡೆದರು.

“ಅದನ್ನು ಉಜ್ಜಬೇಡಮ್ಮ. ಕೆರೆಯ ನಟ್ಟನಡುವೆ, ಮೂರು ಕಲ್ಲಿನ ಒಲೆಯ ಮೇಲೆ ಸಿಕ್ಕಿದ್ದು. ಆ ಮಸಿಯೇ ನಮಗೆ ಬೇಕಾದದ್ದು.”

ಅವರು ಹೋದ ಮೇಲೆ ಕಲ್ಲು ಕೇಳಿತು: “ಕೆರೆಯ ನಡುವೆ ಒಲೆಯೇ? ನೀರಿನಲ್ಲಿ ಬೆಂಕಿ ಹೇಗೆ ಹೊತ್ತಿತು?”

“ನೀರಿರಲಿಲ್ಲ, ಸ್ವಾಮಿ. ನಿಮ್ಮನ್ನು ನೆಟ್ಟ ದಿನ ಕೆರೆ ತುಂಬಿತ್ತು, ಅದು ಸುಳ್ಳಲ್ಲ. ಆಮೇಲೆ ಒಂದು ವರ್ಷ ಪೂರ್ತಿ ಬತ್ತಿತು. ನನ್ನ ಒಡತಿ ಕೆರೆಯಂಗಳದಲ್ಲಿ ಒರತೆ ತೋಡಿ, ಪಕ್ಕದಲ್ಲೇ ಒಲೆ ಹೂಡಿ ಮಕ್ಕಳಿಗೆ ಅಂಬಲಿ ಕಾಯಿಸಿದಳು.”

ಕಲ್ಲು ತನ್ನ ಸಾಲುಗಳನ್ನೆಲ್ಲ ಇನ್ನೊಮ್ಮೆ ಓದಿಕೊಂಡಿತು.

“ಆ ವರ್ಷದ ಸುದ್ದಿಯನ್ನು ನನ್ನ ಮೇಲೆ ಯಾರೂ ಯಾಕೆ ಬರೆಯಲಿಲ್ಲ?”

“ಬರೆಯುವವರೆಲ್ಲ ಊರು ಬಿಟ್ಟಿದ್ದರು, ಸ್ವಾಮಿ. ಉಳಿದವಳು ಅಡುಗೆ ಮಾಡುವವಳು.”