ಗಾಲಿಮನೆಯ ಟ್ಯಾಂಕು

ನಿಜಗುಣಮ್ಮನವರಿಗೆ ಇಂಥ ಊರಿನ ಆಶ್ರಮ ಅಂತ ಇರಲಿಲ್ಲ. ಹಳೆಯ ಜೀಪಿನ ಹಿಂದೆ ಕಟ್ಟಿದ ಒಂದು ಗಾಲಿಮನೆ, ಅದೇ ಅವರ ಆಶ್ರಮ. ಎಲ್ಲಿ ಕರೆದರೋ ಅಲ್ಲಿಗೆ ಹೋಗುವರು, ಎಲ್ಲಿ ನೆರಳು ಕಂಡಿತೋ ಅಲ್ಲಿ ನಿಲ್ಲುವರು.

ಜೀಪು ಓಡಿಸುವುದು, ಒಲೆ ಹಚ್ಚುವುದು, ಮಂಚದ ಕೆಳಗಿನ ಟ್ಯಾಂಕಿಗೆ ಕುಡಿಯುವ ನೀರು ತುಂಬುವುದು ಶಿಷ್ಯ ಶರಭಯ್ಯನ ಪಾಲಿಗೆ. ನಡುವಯಸ್ಸು ದಾಟಿದ ಆಳು. ತನ್ನ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವವನಲ್ಲ.

ಆಗ ಅವರು ಹೊಳೆದಂಡೆಯಲ್ಲಿ ತಂಗಿದ್ದರು. ಮುಂದಿನ ಹಾದಿ ಗುಡ್ಡದ ಮೇಲಕ್ಕೆ, ಕಲ್ಲು ಒಡೆಯುವವರ ಹಟ್ಟಿಗೆ. ಅಲ್ಲಿಯ ಬಾವಿನೀರು ಬಾಯಿಗಿಡಲಾಗದಷ್ಟು ಉಪ್ಪು. "ಕುಡಿಯೋ ನೀರು ನಾವೇ ತರ್ತೀವಿ, ನೀವು ಸತ್ಸಂಗಕ್ಕೆ ಬಂದು ಕೂತರೆ ಸಾಕು" ಎಂದು ನಿಜಗುಣಮ್ಮನವರು ಹೇಳಿ ಕಳಿಸಿದ್ದರು.

ಅದೇ ಹೊತ್ತಿಗೆ ಟ್ಯಾಂಕು ಸೋರತೊಡಗಿತು.

ಶರಭಯ್ಯ ಗಾಲಿಮನೆಯ ಕೆಳಗೆ ನುಸುಳಿ ನೋಡಿದ. ಹೊರನಲ್ಲಿಯ ಬುಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಪೇಟೆಯಿಂದ ಅಂಟು ತಂದು ಅಲ್ಲಿಗೆ ದಪ್ಪಗೆ ಮೆತ್ತಿದ.

"ಅವ್ವಾರೆ, ಇನ್ನು ಒಂದು ಹನಿಯೂ ಬೀಳೋದಿಲ್ಲ" ಎಂದ. ಎದೆ ಸ್ವಲ್ಪ ಮುಂದೆ ಬಂದಿತ್ತು.

ಬೆಳಗಾಗುವಷ್ಟರಲ್ಲಿ ನೆಲ ಮತ್ತೆ ಒದ್ದೆ.

ಇನ್ನಷ್ಟು ಅಂಟು ಮೆತ್ತಿದ. ಸುತ್ತ ಬಟ್ಟೆ ಬಿಗಿದ. ಮರುದಿನವೂ ನೆಲ ಒದ್ದೆಯಾಗಿಯೇ ಇತ್ತು.

"ಟ್ಯಾಂಕಿಗೆ ವಯಸ್ಸಾಯ್ತು, ಅವ್ವಾರೆ. ಗುಡ್ಡದವರಿಗೆ ಈ ಸಲ ಆಗೋದಿಲ್ಲ ಅಂತ ಹೇಳಿ ಕಳಿಸೋಣ."

"ಎಲ್ಲಿ ಸೋರ್ತಿದೆ?" ಎಂದು ಕೇಳಿದರು ನಿಜಗುಣಮ್ಮನವರು.

"ನಲ್ಲಿಯ ಬುಡದಲ್ಲಿ. ನಾನೇ ಕಣ್ಣಾರೆ ನೋಡಿದೀನಿ."

ಅವರು ಕೈಯಲ್ಲಿದ್ದ ಚೊಂಬನ್ನು ಎತ್ತಿ ಅವನ ಹೆಗಲ ಮೇಲೆ ನೀರು ಸುರಿದರು. ಶರಭಯ್ಯ ಬೆಚ್ಚಿ ಹಾಗೇ ನಿಂತ. ನೀರು ತೋಳಿನ ಗುಂಟ ಹರಿದು ಮೊಣಕೈಯಿಂದ ತೊಟ್ಟಿಕ್ಕಿತು.

"ಹನಿ ಎಲ್ಲಿಂದ ಬೀಳ್ತಿದೆ?"

"ಮೊಣಕೈಯಿಂದ."

"ಹಾಗಾದರೆ ಮೊಣಕೈಗೆ ಅಂಟು ಹಚ್ಚು" ಎಂದು ಹೇಳಿ ಅವರು ಹೊಳೆಯ ಕಡೆ ನಡೆದರು.

ಶರಭಯ್ಯನಿಗೆ ಮೊದಲು ಸಿಟ್ಟು ಬಂತು. ಒದ್ದೆ ಅಂಗಿಯಲ್ಲೇ ಮೆಟ್ಟಿಲ ಮೇಲೆ ಕುಳಿತ. ಅಂಗಿ ಒಣಗುತ್ತ ಬಂದ ಹಾಗೆ ಸಿಟ್ಟೂ ಇಳಿಯಿತು. ಎದ್ದು ಒಳಗೆ ಹೋಗಿ ಮಂಚದ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿದ.

ಟ್ಯಾಂಕು, ಕೊಳವೆ, ನಲ್ಲಿ, ತಳದ ಹಲಗೆ ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿದ. ಟ್ಯಾಂಕಿನ ತುಂಬ ನೀರು ತುಂಬಿದ. ನಲ್ಲಿ ಮುಟ್ಟಲಿಲ್ಲ. ಒಲೆಯ ಒಣ ಬೂದಿ ಜರಡಿ ಹಿಡಿದು ಸುತ್ತಲೂ ತೆಳ್ಳಗೆ ಉದುರಿಸಿದ. ಆಮೇಲೆ ಪಕ್ಕದಲ್ಲಿ ಕುಳಿತ. ಏನೂ ಮಾಡದೆ ಕೂರುವುದು ಅವನಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಆದರೂ ಕುಳಿತ.

ಬಿಳಿ ಪ್ಲಾಸ್ಟಿಕ್ ಟ್ಯಾಂಕಿನೊಳಗಿನ ನೀರಿನ ಗೆರೆ ಹೊರಗಿನಿಂದ ಕಾಣುತ್ತಿತ್ತು. ಅದು ಮೆಲ್ಲಗೆ ಇಳಿಯಿತು. ಅರ್ಧಕ್ಕೆ ಬಂದು ನಿಂತಿತು. ಎಷ್ಟು ಹೊತ್ತು ಕಾದರೂ ಮತ್ತೆ ಇಳಿಯಲಿಲ್ಲ.

ನಿಜಗುಣಮ್ಮನವರು ಬಾಗಿಲಲ್ಲಿ ಬಂದು ನಿಂತಿದ್ದರು.

"ಅವ್ವಾರೆ, ನಲ್ಲಿ ಇರೋದು ತಳದಲ್ಲಿ. ಅಲ್ಲಿ ಸೋರಿದ್ದರೆ ಪೂರ್ತಿ ಖಾಲಿಯಾಗಬೇಕಿತ್ತು. ನೀರು ಅರ್ಧಕ್ಕೆ ನಿಂತಿದೆ. ಅಂದರೆ ಸೀಳು ಅರ್ಧದ ಎತ್ತರದಲ್ಲಿದೆ."



ಅವನು ಬೂದಿಯ ಮೇಲಿನ ಒದ್ದೆ ಗೆರೆಯನ್ನು ನಲ್ಲಿಯಿಂದ ಹಿಂದಕ್ಕೆ ಬೆರಳಿನಿಂದ ಹಿಂಬಾಲಿಸಿದ. ಅದು ತಳದ ಹಲಗೆಯ ಅಂಚು ಹಿಡಿದು, ಟ್ಯಾಂಕನ್ನು ಬಿಗಿದ ಕಬ್ಬಿಣದ ಪಟ್ಟಿಯ ಗುಂಟ ಮೇಲೇರಿ, ಹಿಂಬದಿಯ ಗೋಡೆಗೆ ಹೋಯಿತು. ಹಾದಿಯ ಕುಲುಕಾಟಕ್ಕೆ ಪಟ್ಟಿ ಉಜ್ಜಿ ಉಜ್ಜಿ ಅಲ್ಲಿ ಟ್ಯಾಂಕು ಸೀಳಿತ್ತು. ಕೂದಲೆಳೆಯಷ್ಟು ಸೀಳು.

ಶರಭಯ್ಯ ಕೂಗಲಿಲ್ಲ, ಕುಣಿಯಲಿಲ್ಲ. ಆದರೆ ಎದೆಯೊಳಗೆ ಏನೋ ನೆಟ್ಟಗೆ ಎದ್ದು ನಿಂತ ಹಾಗಾಯಿತು.

ಉಳಿದ ನೀರನ್ನು ಚೆಲ್ಲಿ ಟ್ಯಾಂಕು ಒಣಗಿಸಿದ. ನಲ್ಲಿಯ ಬುಡಕ್ಕೆ ಮೆತ್ತಿದ್ದ ಅಂಟು ಸಿಪ್ಪೆಯಂತೆ ಕಳಚಿ ಬಂತು; ಆ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ ಎಂಬುದು ಈಗ ಗೊತ್ತಾಗಿತ್ತು. ಅದೇ ಜಾತಿಯ ಪ್ಲಾಸ್ಟಿಕ್ಕಿನ ಒಡೆದ ಕೊಡ ಒಂದು ಬಿದ್ದಿತ್ತು. ಅದರ ಚೂರನ್ನು ಕಾದ ಚಾಕುವಿನಿಂದ ಕರಗಿಸಿ ಸೀಳಿನೊಳಗೆ ಬೆಸೆದ. ಮೊದಲ ಸಲ ಬೆಸುಗೆ ಒಂದು ಕಡೆ ಎದ್ದು ಬಂತು. ಕೆರೆದು ತೆಗೆದು ಮತ್ತೆ ಬೆಸೆದ. ಪಟ್ಟಿಗೂ ಟ್ಯಾಂಕಿಗೂ ನಡುವೆ ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಇಟ್ಟ.

ನೀರು ತುಂಬಿದ. ಹೊಸದಾಗಿ ಬೂದಿ ಉದುರಿಸಿದ. ಸಂಜೆಯವರೆಗೂ ಕಾದ.

ಬೂದಿ ಒಣಗಿಯೇ ಇತ್ತು.

"ಹೊರಡೋಣ, ಅವ್ವಾರೆ" ಎಂದ. ಈ ಸಲ ಇನ್ನೇನೂ ಸೇರಿಸಲಿಲ್ಲ.

ಬೆಳಿಗ್ಗೆ ಹೊರಟರು. ಗುಡ್ಡದ ಹಾದಿ ಬರೀ ಕಲ್ಲು. ಗಾಲಿಮನೆ ಒಂದೊಂದು ಕಲ್ಲಿಗೂ ಎತ್ತಿ ಕುಕ್ಕುತ್ತಿತ್ತು. ಪ್ರತಿ ಕುಲುಕಿಗೂ ಶರಭಯ್ಯನ ಜೀವ ಬಾಯಿಗೆ ಬರುತ್ತಿತ್ತು. ಆದರೂ ಎಲ್ಲಿಯೂ ಜೀಪು ನಿಲ್ಲಿಸಿ ಇಳಿದು ನೋಡಲಿಲ್ಲ.

ಹಟ್ಟಿಯಲ್ಲಿ ಜನ ಕೊಡ, ತಂಬಿಗೆ ಹಿಡಿದು ಕಾಯುತ್ತಿದ್ದರು. ಅವನು ಇಳಿದವನೇ ಹಲಗೆ ಎತ್ತಿ ನೋಡಿದ. ನೀರಿನ ಗೆರೆ ಟ್ಯಾಂಕಿನ ಕುತ್ತಿಗೆಯಲ್ಲಿತ್ತು. ನಲ್ಲಿ ತಿರುಗಿಸಿದ. ಕಲ್ಲಿನ ಧೂಳು ಮೆತ್ತಿದ ಕೈಗಳು ಒಂದರ ಹಿಂದೆ ಒಂದು ಬಂದವು. ಕೊನೆಯ ತಂಬಿಗೆಯೂ ತುಂಬಿತು. ಆಮೇಲೂ ನೀರು ಮಿಕ್ಕಿತ್ತು.

ಹಟ್ಟಿಯ ಹಿರಿಯ ದ್ಯಾವಪ್ಪ ನೀರು ಕುಡಿದು ಬಾಯಿ ಒರೆಸಿಕೊಂಡ. "ಟ್ಯಾಂಕು ಸೋರ್ತದೆ, ನೀವು ಬರೋದು ಅನುಮಾನ ಅಂತ ಕೇಳಿದ್ವಿ. ಯಾರು ರಿಪೇರಿ ಮಾಡಿದ್ದು?"

ಶರಭಯ್ಯನ ಮುಖ ಬೆಳಗುತ್ತಿತ್ತು. ಗುರುವಿನ ಎದುರು ಅದು ಕಾಣಬಾರದೆಂದು ತಲೆ ತಗ್ಗಿಸಿ ಕೈಮುಗಿದ.

"ನನ್ನದೇನಿಲ್ಲ. ಎಲ್ಲ ಅವ್ವಾರ ಆಶೀರ್ವಾದ."

ನಿಜಗುಣಮ್ಮನವರು ತಂಬಿಗೆ ಕೆಳಗಿಟ್ಟರು.

"ನನ್ನ ಆಶೀರ್ವಾದ ಮೊನ್ನೆಯೂ ಇತ್ತು, ಶರಭಯ್ಯ. ಮೊನ್ನೆ ಟ್ಯಾಂಕು ಸೋರ್ತಿತ್ತು."